ಕೆರೆಯಲ್ಲಿ ಕಲಿತ ಹುಟ್ಟು ಕಡಲಲ್ಲಿ ಯಾಕೆ ಕೈಕೊಟ್ಟಿತು?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಕಡೆಯವನು, ವಯಸ್ಸು 36. ಎರಡು ವರ್ಷದಿಂದ ಗೆಳೆಯರ ಜೊತೆ ಇಲ್ಲಿನ ಕೆರೆಯಲ್ಲಿ ಕಯಾಕ್, ಅಂದರೆ ಎರಡು ತುದಿಗೂ ಬ್ಲೇಡ್ ಇರುವ ಹುಟ್ಟಿನಿಂದ (ಪ್ಯಾಡಲ್) ಸಾಗುವ ಕಿರಿದಾದ ದೋಣಿ, ನಡೆಸುತ್ತಿದ್ದೇನೆ. ನೇರ ಹೋಗುವುದು, ತಿರುಗಿಸುವುದು ಎಲ್ಲ ಬರುತ್ತದೆ. ಕಳೆದ ಫೆಬ್ರವರಿಯಲ್ಲಿ ಗೋಕರ್ಣಕ್ಕೆ ಹೋಗಿ ಬಾಡಿಗೆ ಕಯಾಕ್‌ನಲ್ಲಿ ಸಮುದ್ರಕ್ಕಿಳಿದೆ. ಬೆಳಿಗ್ಗೆ ಚೆನ್ನಾಗಿತ್ತು. ಮಧ್ಯಾಹ್ನ ಎರಡೂವರೆಗೆ ಬಂಡೆಗಳ ಪಕ್ಕ ವಾಪಸ್ ಬರುವಾಗ ಮೂರು ಸಲ ಮಗುಚಿದೆ. ಅಲೆ ಬಂದಾಗಲೆಲ್ಲ ಅದರಿಂದ ದೂರಕ್ಕೆ ವಾಲಿ, ಪ್ಯಾಡಲ್ ಎತ್ತಿ ಆ ಕಡೆ ಊರಿದರೂ ನಿಲ್ಲಲಿಲ್ಲ. ಬಲ ಭುಜ ಈಗಲೂ ನೋಯುತ್ತದೆ. ಒರಟು ನೀರಿನಲ್ಲಿ ಪ್ಯಾಡಲ್ ಬಳಸುವುದು, ‘ಬ್ರೇಸ್’ ಮಾಡುವುದು, ಅಂದರೆ ವಾಲಿದಾಗ ಪ್ಯಾಡಲಿನಿಂದ ನೀರಿನ ಆಸರೆ ಪಡೆದು ಮಗುಚದೆ ಉಳಿಯುವುದು ಹೇಗೆ? ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಇದನ್ನು ಕಲಿಯಲು ಆಗುತ್ತದೆಯೇ?

ಉತ್ತರ: ಮೊದಲು ಭುಜದ ವಿಷಯ. ಫೆಬ್ರವರಿಯ ನೋವು ಇನ್ನೂ ಉಳಿದಿದೆ ಎಂದರೆ ಅದು ಎಣ್ಣೆ ಹಚ್ಚಿ ಸುಮ್ಮನಿರುವ ನೋವಲ್ಲ. ಮೂಳೆ ಡಾಕ್ಟರಿಗೆ ತೋರಿಸಿ. ಅವರು ‘ಆಗಲಿ’ ಎನ್ನುವವರೆಗೆ ಈ ಉತ್ತರವನ್ನು ಓದಿ ಇಟ್ಟುಕೊಳ್ಳಿ, ಅಷ್ಟೇ.

ಈಗ ನಿಮ್ಮ ಮಾತಿಗೆ ಬರೋಣ. “ಪ್ಯಾಡಲ್ ಎತ್ತಿ ಆ ಕಡೆ ಊರಿದೆ” ಎಂದಿದ್ದೀರಿ. ತೊಂದರೆ ಆ ‘ಎತ್ತಿ’ಯಲ್ಲೂ ಇದೆ, ‘ಊರಿದೆ’ಯಲ್ಲೂ ಇದೆ. ಕೆರೆ ಏರಿ ಇಳಿಯುವಾಗ ಕೋಲು ಊರಬಹುದು, ಕೆಳಗೆ ನೆಲ ಇರುತ್ತದೆ. ನೀರಿನ ಮೇಲೆ ಬ್ಲೇಡ್, ಅಂದರೆ ಪ್ಯಾಡಲಿನ ತುದಿಯ ಹಲಗೆ, ಎಷ್ಟೇ ಅಗಲವಿದ್ದರೂ ನಿಮ್ಮ ಭಾರವನ್ನು ಹೊರುವುದು ಅರ್ಧ ಸೆಕೆಂಡೋ ಒಂದು ಸೆಕೆಂಡೋ, ಆಮೇಲೆ ಮುಳುಗುತ್ತದೆ. ಅಷ್ಟರಲ್ಲಿ ಸೊಂಟ ದೋಣಿಯನ್ನು ನೆಟ್ಟಗೆ ಮಾಡಿಬಿಡಬೇಕು. ಪ್ಯಾಡಲ್ ಒಂದು ಗಳಿಗೆಯ ಸಾಲ ಕೊಡುತ್ತದೆ, ತೀರಿಸಬೇಕಾದ್ದು ಸೊಂಟ. ಸಾಲವನ್ನೇ ಸಂಪಾದನೆ ಅಂದುಕೊಂಡವರು ಮಗುಚುತ್ತಾರೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರು ಸೀಲ್ ಬೇಟೆಗೆ ಬಳಸುತ್ತಿದ್ದ ಹುಟ್ಟು ನೋಡಿದರೆ ಇದು ಅರ್ಥವಾಗುತ್ತದೆ. ಮೂರು, ಮೂರೂವರೆ ಇಂಚು ಅಗಲದ ಮರದ ಪಟ್ಟಿ ಅದು, ನಮ್ಮ ಪ್ಯಾಡಲ್ ಬ್ಲೇಡಿನ ಸುಮಾರು ಅರ್ಧ ಅಷ್ಟೇ. ಅದರಲ್ಲೇ ಅವರು ತಲೆಕೆಳಗಾದ ಕಯಾಕನ್ನು ಮತ್ತೆ ಮೇಲಕ್ಕೆ ಹೊರಳಿಸುತ್ತಿದ್ದರು.

ಇನ್ನೊಂದು ಅನುಮಾನ. ಗೋಕರ್ಣದಲ್ಲಿ ನಿಮಗೆ ಸಿಕ್ಕಿದ್ದು ಬಹುಶಃ ‘ಸಿಟ್-ಆನ್-ಟಾಪ್’, ಅಂದರೆ ಮೇಲೆ ತಗ್ಗಿನಂಥ ಸೀಟಿನಲ್ಲಿ ಕೂರುವ ಪ್ಲಾಸ್ಟಿಕ್ ದೋಣಿ. ಮಗುಚಿದರೆ ಮತ್ತೆ ಹತ್ತುವುದು ಸುಲಭ ಎಂದು ಬಾಡಿಗೆಗೆ ಹೆಚ್ಚಾಗಿ ಅದನ್ನೇ ಇಡುತ್ತಾರೆ, ತಪ್ಪೇನಿಲ್ಲ. ಆದರೆ ಅದರಲ್ಲಿ ತೊಡೆ ಆನಿಸಲು ಏನೂ ಇರುವುದಿಲ್ಲ. ಸೊಂಟ ಆಡಿಸಿದರೆ ನೀವು ಆಡುತ್ತೀರಿ, ದೋಣಿ ಆಡುವುದಿಲ್ಲ. ಸೀ ಕಯಾಕ್ ಬೇರೆ ಜಾತಿ. ಉದ್ದ ಐದು ಮೀಟರ್ ಆಸುಪಾಸು, ಅಗಲ 55ರಿಂದ 60 ಸೆಂಟಿಮೀಟರ್. ಅದರೊಳಗೆ ಕೂತಾಗ ಪಾದ ಮುಂದಿನ ಪೆಗ್‌ಗೆ, ತೊಡೆ ಡೆಕ್ಕಿನ ಅಡಿಗೆ, ಸೊಂಟ ಎರಡೂ ಪಕ್ಕಕ್ಕೆ ತಾಗಿರುತ್ತದೆ. ಬಲ ಮಂಡಿ ಮೇಲಕ್ಕೊತ್ತಿದರೆ ದೋಣಿಯ ಬಲ ಅಂಚು ಮೇಲೇಳುತ್ತದೆ. ಈ ಸಂಪರ್ಕ ಇಲ್ಲದ ದೋಣಿಯಲ್ಲಿ ಬ್ರೇಸ್ ಕಲಿಯುವುದು ಜೀನು, ರಿಕಾಪು ಎರಡೂ ಇಲ್ಲದೆ ಕುದುರೆ ಸವಾರಿ ಕಲಿತ ಹಾಗೆ. ಸಿಟ್-ಆನ್-ಟಾಪೇ ಗತಿ ಎಂದಾದರೆ ತೊಡೆಗೆ ಹಾಕಿಕೊಳ್ಳುವ ಪಟ್ಟಿ ಸಿಗುತ್ತದೆ, ಅದನ್ನಾದರೂ ಕಟ್ಟಿಸಿಕೊಳ್ಳಿ.

ಅಗಲ ದೋಣಿಯೇ ಭದ್ರ ಎಂಬುದು ಕೆರೆಯವರ ನಂಬಿಕೆ. ನನಗೂ ಇತ್ತು, ನಾನೂ ತುಮಕೂರಿನವನೇ. ನಿಂತ ನೀರಿನಲ್ಲಿ ಅದು ನಿಜ. ಆದರೆ ಅಗಲವಾದ ಚಪ್ಪಟೆ ತಳ ನೀರು ಹೇಗಿದೆಯೋ ಹಾಗೇ ಇರಲು ನೋಡುತ್ತದೆ. ಅಲೆಯ ಇಳಿಜಾರು ಅಡಿಗೆ ಬಂದರೆ ಅದೂ ಇಳಿಜಾರಾಗುತ್ತದೆ, ಮೇಲೆ ಕೂತ ನೀವೂ ಆಗುತ್ತೀರಿ. ಕಿರಿದಾದ ದೋಣಿ ಕೆರೆಯಲ್ಲಿ ಸದಾ ಅಲುಗುತ್ತದೆ, ಹೊಸಬರಿಗೆ ಹೆದರಿಕೆ ಹುಟ್ಟಿಸುತ್ತದೆ. ಆದರೆ ಸೊಂಟ ಸಡಿಲ ಬಿಟ್ಟರೆ ಅಲೆಯನ್ನು ಅಡಿಯಿಂದಲೇ ದಾಟಿಸಿ ಕಳಿಸುತ್ತದೆ. ಕಲ್ಲುದಾರಿಯಲ್ಲಿ ಟ್ರ್ಯಾಕ್ಟರ್ ಟ್ರೈಲರಿನ ಅಂಚಿನ ಮೇಲೆ ಕೂತು ಹೋಗುವವರನ್ನು ನೋಡಿದ್ದೀರಲ್ಲ? ಹೊಸಬ ಮೈ ಬಿಗಿದುಕೊಂಡು ಒಂದೊಂದು ಗುಂಡಿಗೂ ಎಗರುತ್ತಾನೆ. ದಿನಾ ಹೋಗುವವನ ಸೊಂಟದ ಕೆಳಗೆ ಟ್ರೈಲರ್ ಕುಣಿಯುತ್ತಿರುತ್ತದೆ, ಅವನು ಮೇಲೆ ಬೀಡಿ ಹಚ್ಚುತ್ತಿರುತ್ತಾನೆ. ನಿಮಗೆ ಬೇಕಾದ್ದು ಆ ಸೊಂಟ.

ಈಗ ಲೋ ಬ್ರೇಸ್. ನೂರಕ್ಕೆ ತೊಂಬತ್ತು ಸಲ ಬೇಕಾಗುವುದು ಇದೇ. ಪ್ಯಾಡಲಿನ ಕೋಲು ಹೊಕ್ಕುಳಿನ ಎತ್ತರದಲ್ಲಿ, ಹೊಟ್ಟೆಗೆ ಹತ್ತಿರ. ಮೊಣಕೈ ಕೋಲಿಗಿಂತ ಮೇಲೆ, ಬೆರಳ ಗೆಣ್ಣು ನೀರಿನ ಕಡೆಗೆ. ನೆಲದ ಮೇಲೆ ದಂಡ ಹೊಡೆಯುವಾಗಿನ ಕೈಯ ಹಾಗೆ. ಬ್ಲೇಡಿನ ಬೆನ್ನು, ಅಂದರೆ ಉಬ್ಬಿದ ಮುಖ, ಕೆಳಗೆ. ಬಲಕ್ಕೆ ವಾಲುತ್ತಿದ್ದೀರಿ ಎನ್ನಿಸಿದ ಕೂಡಲೇ ಬ್ಲೇಡನ್ನು ದೋಣಿಗೆ ಅಡ್ಡವಾಗಿ ಹೊರಗೆ ಚಾಚಿ ನೀರನ್ನು ತಟ್ಟಿ. ತಟ್ಟಿದ ಕ್ಷಣದಲ್ಲೇ ಬಲ ಮಂಡಿಯನ್ನು ಮೇಲಕ್ಕೆ ಒತ್ತಿ. ದೋಣಿ ನೆಟ್ಟಗಾದ ಮೇಲೆ ಮೈ ಬರಲಿ, ತಲೆ ಎಲ್ಲಕ್ಕಿಂತ ಕೊನೆಗೆ.

ತಲೆಯ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಮ್ಮ ಸ್ವಭಾವಕ್ಕೆ ವಿರುದ್ಧ. ಬೀಳುವವನು ಮೊದಲು ತಲೆ ಎತ್ತುತ್ತಾನೆ. ಬಲಕ್ಕೆ ಬೀಳುವಾಗ ತಲೆಯನ್ನು ಎಡಕ್ಕೆ ಎಳೆದುಕೊಂಡರೆ ಬಲ ಮಂಡಿ ಸಡಿಲವಾಗಿ ಎಡ ಮಂಡಿ ಒತ್ತತೊಡಗುತ್ತದೆ, ದೋಣಿ ಇನ್ನಷ್ಟು ಬಲಕ್ಕೆ ಹೊರಳುತ್ತದೆ. ನಿಮ್ಮನ್ನು ಮಗುಚಿಸಿದ್ದು ನಿಮ್ಮ ಎಡಗಾಲೇ. ಅದಕ್ಕೇ ಬಲಕ್ಕೆ ಬೀಳುವಾಗ ಬಲ ಕಿವಿಯನ್ನು ಬಲ ಭುಜಕ್ಕೆ ತಾಗಿಸಿ, ಕಣ್ಣು ಬ್ಲೇಡಿನ ಮೇಲಿರಲಿ. ಬ್ಲೇಡ್ ನೋಡುತ್ತಿರುವವನ ತಲೆ ತಾನಾಗಿ ಕೆಳಗಿರುತ್ತದೆ. ನಾನು ಹೇಳಿಕೊಡುವಾಗ ಬ್ಲೇಡಿನ ಮೇಲೆ ಬಣ್ಣದ ಟೇಪ್ ಅಂಟಿಸಿ, “ಆ ಟೇಪ್ ಬಿಟ್ಟು ಬೇರೆಲ್ಲೂ ನೋಡಬೇಡಿ” ಎನ್ನುತ್ತೇನೆ. ಉದ್ದದ ವಿವರಣೆಗಿಂತ ಅದೇ ಕೆಲಸ ಮಾಡುತ್ತದೆ.

ಸರಿಯಾಗಿ ತಟ್ಟಿದಿರಾ ಎಂದು ತಿಳಿಯಲು ಕಿವಿ ಸಾಕು. ‘ಛಟ್’ ಎಂದರೆ ಬ್ಲೇಡ್ ಚಪ್ಪಟೆಯಾಗಿ ಬಿದ್ದಿದೆ. ‘ಗುಳುಂ’ ಎಂದರೆ ಓರೆಯಾಗಿ ಒಳಗೆ ಹೋಗಿದೆ, ನೀವೂ ಹಿಂದೆಯೇ ಹೋಗುತ್ತೀರಿ. ಗುಳುಂ ಆಗಲು ದೊಡ್ಡ ಕಾರಣ ಫೆದರ್, ಅಂದರೆ ಎರಡು ಬ್ಲೇಡುಗಳ ನಡುವಿನ ಕೋನ. ಒಂದು ದಿನ ಸೊನ್ನೆ ಡಿಗ್ರಿ, ಇನ್ನೊಂದು ದಿನ 60 ಡಿಗ್ರಿ ಇಟ್ಟುಕೊಂಡರೆ ಮಣಿಕಟ್ಟಿಗೆ ಯಾವುದೂ ಅಭ್ಯಾಸವಾಗುವುದಿಲ್ಲ. ನಿಮ್ಮ ಬಾಡಿಗೆ ಪ್ಯಾಡಲಿನ ಕೋನ ಮನೆಯದಕ್ಕೆ ಹೊಂದುತ್ತಿತ್ತೇ? ನೋಡಿಕೊಂಡಿರಲಿಕ್ಕಿಲ್ಲ. ಯಾವುದೋ ಒಂದು ಕೋನ ಗೊತ್ತು ಮಾಡಿಕೊಳ್ಳಿ, ಮತ್ತೆ ಮುಟ್ಟಬೇಡಿ. ಹೊಸ ಪ್ಯಾಡಲ್ ಕೈಗೆ ಬಂದರೆ ದಡದ ಹತ್ತಿರವೇ ಕಣ್ಣು ಮುಚ್ಚಿ ಎರಡೂ ಕಡೆ ಹತ್ತು ಸಲ ತಟ್ಟಿ, ಸದ್ದು ಕೇಳಿ.

ತಟ್ಟಿದ ಬ್ಲೇಡನ್ನು ವಾಪಸ್ ತೆಗೆಯುವುದರಲ್ಲೂ ಒಂದು ಮರ್ಮ ಇದೆ. ಚಪ್ಪಟೆಯಾಗಿ ಮೇಲೆತ್ತಿದರೆ ಅದರ ಮೇಲೆ ಕೂತ ನೀರೂ ಎದ್ದು ಬರಬೇಕು. ಆ ಭಾರ ನಿಮ್ಮನ್ನು ಅದೇ ಕಡೆಗೆ ಎಳೆಯುತ್ತದೆ. ಎದ್ದು ಕೂತವರು ಎರಡನೇ ಸಲ ಬೀಳುವುದು ಹೀಗೆ. ಮಣಿಕಟ್ಟು ತಿರುಗಿಸಿ ಬ್ಲೇಡಿನ ಅಂಚನ್ನು ಮೇಲಾಗಿಸಿ, ಚಾಕು ಎಳೆದಂತೆ ಅಂಚಿನಿಂದ ಹೊರತನ್ನಿ.

ಒಂದು ತಟ್ಟಿಗೆ ಆಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಆಸರೆ ಬೇಕು ಎಂದಾಗ ಸ್ಕಲ್ಲಿಂಗ್. ಬ್ಲೇಡನ್ನು ನೀರಿನ ಮೇಲ್ಪದರದಲ್ಲೇ ಹಿಂದೆ ಮುಂದೆ ಸವರುತ್ತಿರಬೇಕು, ಹೋಗುವ ದಿಕ್ಕಿನ ಅಂಚು ಯಾವಾಗಲೂ ತುಸು ಮೇಲೆ. ಇದನ್ನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಗಾರೆ ಕೆಲಸ ನಡೆಯುವ ಮನೆಯ ಮುಂದೆ ಐದು ನಿಮಿಷ ನಿಲ್ಲಿ. ಮೇಸ್ತ್ರಿ ಕರಣೆ ಎಳೆಯುವಾಗ ಮುಂದಿನ ಅಂಚನ್ನು ಎಷ್ಟು ಎತ್ತಿರುತ್ತಾನೆ, ದಿಕ್ಕು ಬದಲಾದಾಗ ಮಣಿಕಟ್ಟು ಹೇಗೆ ಹೊರಳುತ್ತದೆ ನೋಡಿ. ಮುಂದಿನ ಅಂಚು ತಗ್ಗಿದರೆ ಕರಣೆ ಗಾರೆಯೊಳಕ್ಕೆ ಕಚ್ಚುತ್ತದೆ, ಬ್ಲೇಡೂ ಅಷ್ಟೇ. ಹರಿಗೋಲು ನಡೆಸುವವರು ಹುಟ್ಟನ್ನು ನೀರಿನಿಂದ ತೆಗೆಯದೆ ಎಂಟರ ಆಕಾರದಲ್ಲಿ ಆಡಿಸುತ್ತಾರಲ್ಲ, ಇದು ಅದರ ದಾಯಾದಿಯೇ.

ಹೈ ಬ್ರೇಸ್ ಎಂಬುದು ನಿಮ್ಮ ಭುಜದ ಶತ್ರು. ಅಲೆ ಎದೆಗಿಂತ ಎತ್ತರವಿದ್ದು, ಒಡೆದು ಮೈಮೇಲೆ ಬರುವಾಗ ಮಾತ್ರ ಅದು ಬೇಕು. ಇಲ್ಲಿ ಮೊಣಕೈ ಕೋಲಿಗಿಂತ ಕೆಳಗೆ, ಬ್ಲೇಡಿನ ತಗ್ಗು ಮುಖ ನೀರಿಗೆ. ಕಂಬಿಗೆ ಜೋತುಬಿದ್ದು ಗದ್ದ ತಾಗಿಸುವವನ ಕೈ ಹಾಗೆ. ಹೆಸರಿನಲ್ಲಿ ‘ಹೈ’ ಇದೆ ಎಂದು ಕೈ ಎತ್ತರಕ್ಕೆ ಹೋಗಬಾರದು. ಕೈ ಗದ್ದದ ಮಟ್ಟ ದಾಟಬಾರದು, ಮೊಣಕೈ ಪಕ್ಕೆಲುಬು ಬಿಟ್ಟು ದೂರ ಹೋಗಬಾರದು. ಮೇಲಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತಳ್ಳಿದಾಗಲೇ ತೋಳಿನ ಮೂಳೆಯ ಗುಂಡು ಭುಜದ ಗೂಡಿನಿಂದ ಮುಂದಕ್ಕೆ ಕಳಚುವುದು.

ನನ್ನ ಎಡ ಭುಜ ಕಳಚಿದ್ದು ಹೊನ್ನಾವರದ ಅಳಿವೆಯ ಹತ್ತಿರ. ಇಳಿತದ ಸಮಯ, ಶರಾವತಿಯ ನೀರು ಹೊರಗೆ ನುಗ್ಗುತ್ತಿತ್ತು, ಎದುರಿಗೆ ಸಮುದ್ರದ ಅಲೆ ಬರುತ್ತಿತ್ತು. ಹೀಗೆ ಎದುರಾದಾಗ ಅಲೆ ಕುಗ್ಗಿ ಕಡಿದಾಗುತ್ತದೆ, ಒಡೆಯುತ್ತದೆ. ತಿಳಿಯದೆ ಹೋದದ್ದಲ್ಲ, ತಿಳಿದೂ ಹೋದೆ. ಅಲೆ ತಲೆಯೆತ್ತರ ಬಂತು, ನಾನು ಕೈಯನ್ನೂ ತಲೆಯೆತ್ತರಕ್ಕೆ ಒಯ್ದೆ. ನೊರೆ ಬ್ಲೇಡನ್ನು ಹಿಂದಕ್ಕೆ ಎಳೆದೊಯ್ದಿತು. ಮೈ ಮುಂದೆ, ಕೈ ಹಿಂದೆ. ನೀರಿನ ಅಷ್ಟು ಮೊರೆತದಲ್ಲೂ ಆ ‘ಟಕ್’ ನನಗೆ ಕೇಳಿಸಿತು. ಮೂರು ತಿಂಗಳು ಅಂಗಿ ತೋಳಿಗೆ ಕೈ ತೂರಿಸಲು ಹೆಂಡತಿ ಬೇಕಾಯಿತು. ನಿಮ್ಮ ಬಲ ಭುಜಕ್ಕೆ ಆದದ್ದು ಇದರ ತಮ್ಮನಿರಬಹುದು ಎಂದೇ ಮೊದಲು ಡಾಕ್ಟರ ಮಾತೆತ್ತಿದ್ದು.

ಅಲೆಯಿಂದ ದೂರಕ್ಕೆ ವಾಲಿದ ನಿಮ್ಮ ತಪ್ಪು ಎಲ್ಲರೂ ಮಾಡುವಂಥದ್ದೇ. ಎತ್ತು ಹಾಯಲು ಬಂದರೆ ಹಿಂದೆ ಸರಿಯುತ್ತೇವೆ, ಅಲೆಗೂ ಹಾಗೇ ಮಾಡುತ್ತೇವೆ. ಒಡೆದ ಅಲೆ ಪಕ್ಕದಿಂದ ಬಡಿದಾಗ ದೋಣಿಯನ್ನು ಅಡ್ಡಕ್ಕೆ, ದಡದ ಕಡೆ ಜಾರಿಸಿಕೊಂಡು ಹೋಗುತ್ತದೆ. ಆಗ ನೀವು ದಡದ ಕಡೆ ವಾಲಿದ್ದರೆ ಆ ಕಡೆಯ ಅಂಚು ನೀರಿಗೆ ಕಚ್ಚಿಕೊಂಡು, ಚಾಪೆ ಸುತ್ತಿದ ಹಾಗೆ ದೋಣಿ ಸುತ್ತಿಬಿಡುತ್ತದೆ. ಬ್ರೇಸ್ ಮಾಡಲು ಸಮಯವೇ ಇರುವುದಿಲ್ಲ; ಪ್ಯಾಡಲ್ ಊರಿದ್ದೂ ಅದೇ ಕಡೆ, ಅದು ದೋಣಿಯ ಅಡಿಗೆ ಸೇರುತ್ತದೆ. ಅಲೆಯ ಕಡೆಗೇ ವಾಲಬೇಕು. ಅಲೆಯ ಕಡೆಯ ಅಂಚನ್ನು ತಗ್ಗಿಸಿ, ದಡದ ಕಡೆಯ ಮಂಡಿ ಎತ್ತಿ, ಬ್ಲೇಡನ್ನು ನೊರೆಯ ನೆತ್ತಿಯ ಮೇಲಿಡಿ. ನೊರೆ ನೀರು ಮೇಲಕ್ಕೆ ಉಕ್ಕುತ್ತಿರುವುದರಿಂದ ಅಲ್ಲಿ ನಿಂತ ನೀರಿಗಿಂತ ಹೆಚ್ಚು ಆಸರೆ ಸಿಗುತ್ತದೆ. ಅಡ್ಡವಾಗಿಯೇ ದಡದವರೆಗೆ ಜಾರಿಕೊಂಡು ಹೋಗುತ್ತೀರಿ. ಅವಮಾನ ಅನ್ನಿಸಬಹುದು, ಆದರೆ ಅದು ಕ್ಷೇಮ. ದಡದಲ್ಲಿ ಈಜುವವರಿದ್ದರೆ ಮಾತ್ರ ಆ ಜಾಗ ಬೇಡ; ಅಡ್ಡ ಬರುವ ದೋಣಿ ಅವರ ಪಾಲಿಗೆ ಒನಕೆ.

ಒಡೆಯದ ಅಲೆಗೆ ಬ್ರೇಸೇ ಬೇಡ. ಅದು ಎರಡು ಮೀಟರಿದ್ದರೂ ನಿಮ್ಮನ್ನು ಎತ್ತಿ ಇಳಿಸಿ ಹೋಗುತ್ತದೆ. ಎಲ್ಲ ಅಲೆಗೂ ಪ್ಯಾಡಲ್ ಚಾಚುತ್ತ ಕೂತವರು ನಿಂತಲ್ಲೇ ನಿಲ್ಲುತ್ತಾರೆ, ನಿಂತ ದೋಣಿ ನಿಂತ ಸೈಕಲ್ಲಿನ ಹಾಗೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದು ಮೀಟರ್ ಅಲೆ ಮುರಿಯುವುದು ನಿಮ್ಮ ಎದೆಮಟ್ಟದ ನೀರಿನಲ್ಲಿ. ಅದರ ಆಚೆಗೆ ದಾಟಿಬಿಟ್ಟರೆ ಒರಟು ನೀರಿನ ಅರ್ಧ ತೊಂದರೆ ಮುಗಿಯುತ್ತದೆ.

ಹಾಗಾಗಿ ಒರಟು ನೀರಿನಲ್ಲಿ ಮೊದಲ ಬ್ರೇಸ್ ಎಂದರೆ ಹುಟ್ಟು ಹಾಕುತ್ತಲೇ ಇರುವುದು. ನೀರಿನಲ್ಲಿ ಎಳೆಯುತ್ತಿರುವ ಬ್ಲೇಡ್ ತಾನೇ ಆಸರೆ. ಕೆರೆಯಲ್ಲಿ ನೀವು ಉದ್ದುದ್ದ ಎಳೆಯುತ್ತಿರಬಹುದು. ಸಮುದ್ರದಲ್ಲಿ ಗಿಡ್ಡ ಎಳೆತ, ಬೇಗ ಬೇಗ. ಪಾದದ ನೇರಕ್ಕೆ ಇಳಿಸಿ, ಸೊಂಟದ ನೇರಕ್ಕೆ ತೆಗೆದುಬಿಡಿ. ಎಳೆಯಬೇಕಾದ್ದು ತೋಳಲ್ಲ, ತಿರುಗುವ ನಡು. ಹಿಡಿತ ಸಡಿಲವಿರಲಿ, ಬಿಗಿ ಮುಷ್ಟಿಯವರಿಗೆ ಒಂದು ಗಂಟೆಯಲ್ಲಿ ಮುಂಗೈ ಕಲ್ಲಾಗುತ್ತದೆ, ಬ್ರೇಸ್ ಬೇಕಾದಾಗ ಮಣಿಕಟ್ಟು ತಿರುಗುವುದಿಲ್ಲ. ಅಲೆಯ ನೆತ್ತಿಯಲ್ಲಿ ಒಂದು ಬ್ಲೇಡ್ ನೀರಿನಲ್ಲಿರುವಂತೆ ಲಯ ಹೊಂದಿಸಿಕೊಳ್ಳಿ, ಹೆಚ್ಚು ತೂಗಾಡುವುದು ಅಲ್ಲೇ. ಗಾಳಿ ಜೋರಿದ್ದರೆ ಪ್ಯಾಡಲ್ ತಗ್ಗಿಸಿ ಹಾಕಿ. ಪಕ್ಕದ ಗಾಳಿ ಎತ್ತಿದ ಬ್ಲೇಡನ್ನು ಕೊಡೆಯ ಹಾಗೆ ಹಿಡಿದುಕೊಂಡಿತೋ, ಗಾಳಿಯ ಕಡೆಯ ಕೈ ಒಂದು ಕ್ಷಣ ಬಿಟ್ಟುಬಿಡಿ. ಗಾಳಿಯ ಜೊತೆ ಜಗ್ಗಾಟಕ್ಕೆ ನಿಂತರೆ ಅದೇ ಗೆಲ್ಲುತ್ತದೆ.

ಹಿಂದಿನಿಂದ ಬರುವ ಅಲೆ ಬೇರೆ ಕಥೆ. ಹಿಂಬದಿ ಎದ್ದಾಗ ದೋಣಿ ಓಡತೊಡಗುತ್ತದೆ, ಮೂತಿ ನೀರಿಗೆ ಚುಚ್ಚಿಕೊಂಡರೆ ಪಕ್ಕಕ್ಕೆ ತಿರುಗಿಬಿಡುತ್ತದೆ. ತಿರುಗುವ ಮೊದಲೇ ಬ್ಲೇಡನ್ನು ಹಿಂದಕ್ಕೆ, ದೋಣಿಯ ಪಕ್ಕಕ್ಕೆ ಒತ್ತಿ ಚುಕ್ಕಾಣಿಯ ಹಾಗೆ ಹಿಡಿಯಿರಿ. ತಿರುಗಿಯೇ ಹೋಯಿತೆಂದರೆ ಹೋರಾಡಬೇಡಿ, ಅಲೆಯ ಕಡೆ ಲೋ ಬ್ರೇಸ್ ಹಾಕಿ ಕೂತುಬಿಡಿ.

ಆ ಮಧ್ಯಾಹ್ನ ನಿಮಗೆ ಇವೆಲ್ಲ ಗೊತ್ತಿದ್ದರೂ ಕಷ್ಟವೇ ಇತ್ತು. ಓಂ ಬೀಚಿನಿಂದ ಹಾಫ್ ಮೂನ್ ಕಡೆಯ ಆ ಬಂಡೆ ಮೂಲೆಗಳಲ್ಲಿ ಬಂದ ಅಲೆ ಬಂಡೆಗೆ ಬಡಿದು ವಾಪಸ್ ಬರುತ್ತದೆ. ಹೋಗುವುದೂ ಬರುವುದೂ ಡಿಕ್ಕಿಯಾಗಿ ನೀರು ಇದ್ದಲ್ಲೇ ಚೂಪಾಗಿ ಎಗರುತ್ತದೆ. ಅದಕ್ಕೆ ದಿಕ್ಕೇ ಇಲ್ಲ, ಯಾವ ಕಡೆ ಬ್ರೇಸ್ ಮಾಡುತ್ತೀರಿ? ಮೇಲಾಗಿ ಫೆಬ್ರವರಿಯಲ್ಲಿ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ತಣ್ಣಗಿದ್ದ ಸಮುದ್ರ ಮಧ್ಯಾಹ್ನ ವಾಯುವ್ಯದ ಕಡಲಗಾಳಿ ಎದ್ದ ಮೇಲೆ ಬೇರೆಯೇ ಆಗುತ್ತದೆ. ಬಂಡೆಗಳಿಂದ ನೂರಿನ್ನೂರು ಮೀಟರ್ ದೂರ ಹೋಗಿದ್ದರೆ ದಾರಿ ಉದ್ದವಾಗುತ್ತಿತ್ತು, ನೀರು ಸರಾಗವಾಗುತ್ತಿತ್ತು. ಹೋಗುವ ಮುಂಚೆ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ (INCOIS) ಅಲೆ ಮುನ್ಸೂಚನೆ ನೋಡಿ. ಅದರಲ್ಲಿ ಕೊಡುವ ಎತ್ತರ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. 1.5 ಮೀಟರ್ ಎಂದಿದ್ದರೆ ನಡುವೆ ಎರಡೂವರೆ, ಮೂರು ಮೀಟರಿನದೂ ಒಂದು ಬಂದೇ ಬರುತ್ತದೆ.

ಇನ್ನು ಚಿಕ್ಕಬಳ್ಳಾಪುರದಲ್ಲಿ ಕಲಿಯಬಹುದೇ? ಬ್ರೇಸಿನ ಮುಕ್ಕಾಲು ಪಾಲು ಕಲಿಯಬಹುದು. ಆದರೆ ನೀರು ಆರಿಸಿಕೊಳ್ಳಿ. ಎಚ್.ಎನ್. ವ್ಯಾಲಿ ನೀರು ತುಂಬಿದ ಕೆರೆಯಲ್ಲಿ ಬೇಡ, ಕೋಲಾರದ ಗೆಳೆಯರಿದ್ದರೆ 2018ರಿಂದ ಕೆ.ಸಿ. ವ್ಯಾಲಿ ನೀರು ಹರಿದ ಕೆರೆಗಳಲ್ಲೂ ಬೇಡ. ಅದು ಅಂತರ್ಜಲಕ್ಕೆಂದು ತಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಮೇಲೆ ದೋಣಿ ನಡೆಸಬಹುದೇನೋ, ಬ್ರೇಸ್ ಕಲಿಯುವವರು ಗಂಟೆಗೆ ಇಪ್ಪತ್ತು ಸಲ ಮೂಗು ಬಾಯಿಗೆ ನೀರು ಕುಡಿಯುತ್ತಾರೆ. ಜಕ್ಕಲಮಡಗು ಊರಿಗೇ ಕುಡಿಯುವ ನೀರು, ಅಲ್ಲೂ ಬೇಡ. ಮಳೆನೀರಿನ ಕೆರೆ ಹುಡುಕಿ, ಪಂಚಾಯಿತಿಯವರನ್ನೂ ಮೀನು ಗುತ್ತಿಗೆಯವರನ್ನೂ ಕೇಳಿ ಇಳಿಯಿರಿ, ಬಲೆ ಎಲ್ಲಿದೆ ಎಂದು ಅವರೇ ಹೇಳುತ್ತಾರೆ. ತೂಬು, ಕೋಡಿ ಎರಡರಿಂದಲೂ ದೂರವಿರಿ. ವರ್ಷಗಟ್ಟಲೆ ಒಣಗಿದ್ದು ಈಚೆಗೆ ತುಂಬಿದ ಕೆರೆಯಾದರೆ ಅಡಿಯಲ್ಲಿ ಜಾಲಿ ಗಿಡ ನಿಂತೇ ಇರುತ್ತದೆ, ಮಣ್ಣು ತೆಗೆದ ಗುಂಡಿಗಳೂ ಇರುತ್ತವೆ. ತಲೆಕೆಳಗಾಗಿ ಜಾಲಿ ಮುಳ್ಳಿನೊಳಗೆ ಇಳಿಯುವುದನ್ನು ಯಾರಿಗೂ ಹಾರೈಸಲಾರೆ.

ಮೊದಲ ವಾರ ಪ್ಯಾಡಲ್ ದಡದಲ್ಲೇ ಇರಲಿ. ಗೆಳೆಯ ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈ ಚಾಚಲಿ. ನೀವು ಆ ಕೈ ಹಿಡಿದು ದೋಣಿಯನ್ನು ಪೂರ್ತಿ ಓರೆ ಮಾಡಿ, ಮಂಡಿಯಿಂದಲೇ ನೆಟ್ಟಗೆ ತನ್ನಿ. ಕೈಗೆ ಭಾರ ಬಿದ್ದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ, ಬೈಯಲು ಹೇಳಿ. ಅವನ ಬೆರಳ ತುದಿಯಷ್ಟೇ ಹಿಡಿದು ಏಳಲು ಬಂದ ದಿನ ಪ್ಯಾಡಲ್ ಕೈಗೆತ್ತಿಕೊಳ್ಳಿ. ಒಂದು ಕಡೆ ಚೆನ್ನಾಗಿ ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಬಾರದ ಕಡೆಗೆ ಎರಡರಷ್ಟು ಮಾಡಿ. ಕಾಕ್‌ಪಿಟ್ಟಿಗೆ, ಅಂದರೆ ಕೂರುವ ಕಂಡಿಗೆ, ನೀರು ನುಗ್ಗದಂತೆ ಸೊಂಟದ ಸುತ್ತ ಮುಚ್ಚುವ ಸ್ಪ್ರೇ ಸ್ಕರ್ಟ್ ಹಾಕುವವರು ಅದರ ಎಳೆಯುವ ಕುಣಿಕೆ ಹೊರಗಿದೆಯೇ ಎಂದು ಪ್ರತಿ ಸಲ ಮುಟ್ಟಿ ನೋಡಬೇಕು, ತಲೆಕೆಳಗಾಗಿ ಅದನ್ನು ಎಳೆದು ಹೊರಬರುವುದನ್ನು ಮೊದಲ ದಿನವೇ ಕಲಿತಿರಬೇಕು. ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ, ಎಂದಿಗೂ ಇಲ್ಲ.

ಅಲೆಗೆ ಏನು ಮಾಡುವುದು ಎನ್ನುತ್ತೀರಿ. ಆಷಾಢ ಇದೆಯಲ್ಲ. ಜೂನ್, ಜುಲೈನಲ್ಲಿ ನಮ್ಮ ಬಯಲಿಗೆ ಮಳೆ ಕಡಿಮೆ, ಗಾಳಿ ಧಾರಾಳ. ಕೆರೆ ಉದ್ದಕ್ಕೆ ಬೀಸುವ ಆ ಗಾಳಿಗೆ ಏರಿಯ ಕಡೆ ಮುಕ್ಕಾಲು ಅಡಿ, ಒಂದಡಿಯ ಗಿಡ್ಡ ಅಲೆ ಏಳುತ್ತದೆ, ಏರಿಯ ಕಲ್ಲಿಗೆ ಬಡಿದು ವಾಪಸ್ಸೂ ಬರುತ್ತದೆ. ಓಂ ಬೀಚಿನ ಬಂಡೆ ಮೂಲೆಯ ಮರಿ. ಅದೇ ತಿಂಗಳುಗಳಲ್ಲಿ ಸಮುದ್ರ ನಮ್ಮಂಥವರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆ ಎರಡು ತಿಂಗಳು ಕೆರೆಯಲ್ಲಿ ಗಾಳಿಗೆ ಅಡ್ಡವಾಗಿ ಹೋಗಿ ಬನ್ನಿ, ದೋಣಿಯ ಪಕ್ಕಕ್ಕೆ ಅಲೆ ಬಡಿಯುತ್ತಿರಲಿ. ಭುಜ ಒಪ್ಪಿದರೆ ಡಿಸೆಂಬರಿನಲ್ಲಿ ಮತ್ತೆ ಗೋಕರ್ಣಕ್ಕೆ ಹೊರಡಿ. ಈ ಸಲ ಒಳಗೆ ಕೂರುವ ದೋಣಿ ಕೇಳಿ, ಕಡಲು ಬಲ್ಲವರೊಬ್ಬರು ಜೊತೆಗಿರಲಿ, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ನೀರು ಹೋಗದ ಚೀಲದೊಳಗಿನ ಫೋನಿನಲ್ಲಿರಲಿ, ಹನ್ನೊಂದು ಗಂಟೆಗೆ ದಡ ಸೇರಿ ಊಟಕ್ಕೆ ಕೂತಿರಿ.